ಆದಾಯ ಮೀರಿದ ಆಸ್ತಿ

ಆದಾಯ ಮೀರಿದ ಆಸ್ತಿ ಎಂದರೆ ಸಾರ್ವಜನಿಕ ಸೇವಕರೊಬ್ಬರ ಹೆಸರಿನಲ್ಲಿ, ಅಥವಾ ಅವರ ಪರವಾಗಿ ಬೇರೊಬ್ಬರ ಹೆಸರಿನಲ್ಲಿ ಇರುವ, ಅವರ ಗೊತ್ತಿರುವ ಆದಾಯ ಮೂಲಗಳಿಗೆ ಅನುಪಾತವಾಗಿಲ್ಲದ, ಅವರು ಸಮಾಧಾನಕರ ಲೆಕ್ಕ ಕೊಡಲಾಗದ ಹಣ ಅಥವಾ ಸ್ವತ್ತು. ಭಾರತದ ಭ್ರಷ್ಟಾಚಾರ ನಿಯಂತ್ರಣ ಕಾಯ್ದೆಯಲ್ಲಿ ಈ ಅಪರಾಧ ನಿಂತಿರುವುದು ‘ಡಿಸ್‌ಪ್ರಪೋರ್ಷನೇಟ್’ ಎಂಬ ಒಂದೇ ವಿಶೇಷಣದ ಮೇಲೆ.

ಪದಬಳಕೆ

ಕನ್ನಡ ಪತ್ರಿಕೆಗಳಲ್ಲಿ ಇದಕ್ಕೆ ‘ಅಕ್ರಮ ಆಸ್ತಿ’, ‘ಆದಾಯ ಮೀರಿದ ಆಸ್ತಿ’ ಎಂಬ ಎರಡು ಹೆಸರುಗಳು ಬಳಕೆಯಲ್ಲಿವೆ. ಕಾನೂನಿನ ಆಶಯಕ್ಕೆ ಎರಡನೆಯದೇ ಹತ್ತಿರ. ಅಕ್ರಮ ಎಂದ ಕೂಡಲೇ ಆ ಸ್ವತ್ತು ಕೈಸೇರಿದ ದಾರಿ ಗೊತ್ತಾಗಿದೆ, ಅದು ತಪ್ಪು ದಾರಿ ಎಂದು ತೀರ್ಮಾನವಾಗಿದೆ ಎಂಬ ಅರ್ಥ ಬರುತ್ತದೆ. ಈ ಅಪರಾಧದಲ್ಲಿ ದಾರಿಯನ್ನು ಯಾರೂ ತೋರಿಸಬೇಕಾಗಿಲ್ಲ. ಲಂಚ ಕೊಟ್ಟವರಾರು, ಯಾವ ಕಡತಕ್ಕಾಗಿ ಕೊಟ್ಟರು, ಎಂದು ಕೊಟ್ಟರು ಎಂಬ ಯಾವುದನ್ನೂ ಸಾಬೀತು ಮಾಡದೆ, ಎರಡು ಮೊತ್ತಗಳ ನಡುವಿನ ಹೊಂದಾಣಿಕೆಯ ಕೊರತೆಯನ್ನಷ್ಟೇ ತೋರಿಸಿದರೆ ಸಾಕು. ಈ ವಿಶೇಷಣ ಹೇಳುವುದು ಒಂದು ಸಂಬಂಧವನ್ನು, ಮೊತ್ತವನ್ನಲ್ಲ. ಕೋಟಿ ರೂಪಾಯಿಯ ಮನೆ ಒಬ್ಬ ಅಧಿಕಾರಿಯ ಆದಾಯಕ್ಕೆ ಹೊಂದಬಹುದು, ಹತ್ತು ಲಕ್ಷದ ನಿವೇಶನ ಇನ್ನೊಬ್ಬರ ಆದಾಯಕ್ಕೆ ಹೊಂದದಿರಬಹುದು. ಸಂಬಂಧಕ್ಕೆ ಎರಡು ತುದಿಗಳಿರುತ್ತವೆ. ಸಾರ್ವಜನಿಕ ಚರ್ಚೆಯೆಲ್ಲ ಆಸ್ತಿಯ ತುದಿಯಲ್ಲೇ ನಡೆಯುತ್ತದೆ. ಆದರೆ ಎಪ್ಪತ್ತೈದು ವರ್ಷಗಳಿಗೂ ಮೀರಿದ ಈ ಕಾನೂನಿನ ಇತಿಹಾಸವನ್ನು ಗಮನಿಸಿದರೆ, ಹೆಚ್ಚಿನ ಪ್ರಕರಣಗಳ ಹಣೆಬರಹ ಬರೆದಿರುವುದು ಆದಾಯದ ತುದಿ.

ಉಗಮ

1947ರ ಭ್ರಷ್ಟಾಚಾರ ನಿಯಂತ್ರಣ ಕಾಯ್ದೆಯಲ್ಲಿ ಈ ಕಲ್ಪನೆ ಸ್ವತಂತ್ರ ಅಪರಾಧವಾಗಿರಲಿಲ್ಲ. ಅದರ 5ನೇ ಸೆಕ್ಷನ್ನಿನ 3ನೇ ಉಪವಿಭಾಗ ಸಾಕ್ಷ್ಯಕ್ಕೆ ಸಂಬಂಧಿಸಿದ ಒಂದು ನಿಯಮವಷ್ಟೇ ಆಗಿತ್ತು: ಕರ್ತವ್ಯದಲ್ಲಿ ದುರ್ನಡತೆಯ ಆರೋಪ ಎದುರಿಸುತ್ತಿರುವವರ ಬಳಿ ಆದಾಯಕ್ಕೆ ಹೊಂದದ ಆಸ್ತಿ ಇದ್ದು, ಅದಕ್ಕೆ ಅವರು ಲೆಕ್ಕ ಕೊಡದಿದ್ದರೆ, ತಪ್ಪು ಮಾಡಿದ್ದಾರೆಂದು ನ್ಯಾಯಾಲಯ ಭಾವಿಸಬೇಕಿತ್ತು. ಕೆ. ಸಂತಾನಂ ಅಧ್ಯಕ್ಷತೆಯ ಸಮಿತಿ 1964ರಲ್ಲಿ ವರದಿ ಕೊಟ್ಟ ಬಳಿಕ, ಅದೇ ವರ್ಷದ ತಿದ್ದುಪಡಿಯಿಂದ ಅಂಥ ಆಸ್ತಿಯನ್ನು ಹೊಂದಿರುವುದೇ ಅಪರಾಧವಾಯಿತು. 1988ರ ಹೊಸ ಕಾಯ್ದೆ ಅದನ್ನು 13(1)(ಇ) ಖಂಡವಾಗಿ ಉಳಿಸಿಕೊಂಡು ಒಂದು ವಿವರಣೆ ಸೇರಿಸಿತು. ಗೊತ್ತಿರುವ ಆದಾಯ ಮೂಲ ಎಂದರೆ ಕಾನೂನುಬದ್ಧ ಮೂಲದಿಂದ ಬಂದ ಆದಾಯ. ಜೊತೆಗೆ ಸೇವಾ ನಿಯಮಗಳ ಪ್ರಕಾರ ಅದನ್ನು ಸರ್ಕಾರಕ್ಕೆ ತಿಳಿಸಿಯೂ ಇರಬೇಕು. ನೌಕರರು ಪ್ರತಿವರ್ಷ ಸಲ್ಲಿಸುವ ಆಸ್ತಿ ಮತ್ತು ಹೊಣೆಗಾರಿಕೆಗಳ ವಿವರಪಟ್ಟಿ ಮೊಕದ್ದಮೆಯ ಕೇಂದ್ರಕ್ಕೆ ಬಂದದ್ದು ಈ ಎರಡನೆಯ ಷರತ್ತಿನಿಂದ. ಅಲ್ಲಿಯವರೆಗೆ ಬಹುಪಾಲು ಕಚೇರಿಗಳಲ್ಲಿ ಅದು ಕಡತಕ್ಕೆ ಸೇರುವ ಇನ್ನೊಂದು ಕಾಗದವಷ್ಟೇ ಆಗಿತ್ತು.

ಅಪರಾಧದ ಅಂಗಗಳು

ವಾಸುದೇವ ರಾಮಚಂದ್ರ ಕೈದಲ್ವಾರ್ ಪ್ರಕರಣದ ತೀರ್ಪಿನಲ್ಲಿ (1981) ಸುಪ್ರೀಂ ಕೋರ್ಟ್ ಪ್ರಾಸಿಕ್ಯೂಷನ್ ಸಾಬೀತು ಮಾಡಬೇಕಾದ ನಾಲ್ಕು ಅಂಶಗಳನ್ನು ಹೇಳಿದೆ. ಆರೋಪಿ ಸಾರ್ವಜನಿಕ ಸೇವಕ ಆಗಿರಬೇಕು. ಅವರ ಬಳಿ ಇದ್ದ ಹಣ ಮತ್ತು ಸ್ವತ್ತಿನ ಸ್ವರೂಪ, ಪ್ರಮಾಣ ತೋರಿಸಬೇಕು. ಪ್ರಾಸಿಕ್ಯೂಷನ್ನಿಗೆ ಗೊತ್ತಾದ ಆದಾಯ ಮೂಲಗಳು ಯಾವುವೆಂದು ಹೇಳಬೇಕು. ಆ ಆಸ್ತಿ ಆ ಆದಾಯಕ್ಕೆ ಹೊಂದುವುದಿಲ್ಲ ಎಂಬುದನ್ನು ವಸ್ತುನಿಷ್ಠವಾಗಿ ಸ್ಥಾಪಿಸಬೇಕು. ಇಷ್ಟಾದ ಮೇಲಷ್ಟೇ ಲೆಕ್ಕ ಕೊಡುವ ಹೊರೆ ಆರೋಪಿಯ ಹೆಗಲಿಗೆ ಬರುತ್ತದೆ. ‘ಗೊತ್ತಿರುವ’ ಎಂದರೆ ಯಾರಿಗೆ ಗೊತ್ತಿರುವ ಎಂಬ ಪ್ರಶ್ನೆಗೆ ಇದಕ್ಕಿಂತ ಮೊದಲೇ, ಸಿ.ಎಸ್.ಡಿ. ಸ್ವಾಮಿ ಪ್ರಕರಣದಲ್ಲಿ ಉತ್ತರ ಸಿಕ್ಕಿತ್ತು. ಸರಿಯಾದ ತನಿಖೆಯ ಬಳಿಕ ಪ್ರಾಸಿಕ್ಯೂಷನ್ನಿಗೆ ಗೊತ್ತಾದದ್ದು ಎಂದು ಅದರ ಅರ್ಥ. ಆರೋಪಿಯ ಎಲ್ಲ ವ್ಯವಹಾರಗಳನ್ನೂ ತನಿಖಾಧಿಕಾರಿ ಬಲ್ಲವರಾಗಿರಬೇಕೆಂದು ಕಾನೂನು ನಿರೀಕ್ಷಿಸುವುದಿಲ್ಲ. ಅವು ಆರೋಪಿಗೇ ವಿಶೇಷವಾಗಿ ತಿಳಿದ ಸಂಗತಿಗಳು.

ಆಸ್ತಿ ನೌಕರರ ಸ್ವಂತ ಹೆಸರಿನಲ್ಲೇ ಇರಬೇಕೆಂದಿಲ್ಲ. ಹೆಂಡತಿ, ಮಕ್ಕಳು, ಸೋದರರು, ಆಪ್ತರು, ಹೆಸರಿಗಷ್ಟೇ ಇರುವ ಕಂಪನಿಗಳು, ಯಾರ ಹೆಸರಿನಲ್ಲಿದ್ದರೂ ಅದು ನೌಕರರದ್ದೇ ಎಂದು ಪ್ರಾಸಿಕ್ಯೂಷನ್ ತೋರಿಸಬಹುದು. ಹೀಗೆ ಹೆಸರು ಕೊಟ್ಟವರು ಸರ್ಕಾರಿ ನೌಕರರಲ್ಲದಿದ್ದರೂ ಕುಮ್ಮಕ್ಕಿನ ಆರೋಪಕ್ಕೆ ಒಳಗಾಗುತ್ತಾರೆಂದು ಪಿ. ನಲ್ಲಮ್ಮಾಳ್ ಪ್ರಕರಣದಲ್ಲಿ (1999) ಸುಪ್ರೀಂ ಕೋರ್ಟ್ ಹೇಳಿದೆ. ಸಾರ್ವಜನಿಕ ಸೇವಕರು ಎಂಬ ಪದದ ವ್ಯಾಪ್ತಿಯೂ ದೊಡ್ಡದು. ಮದ್ರಾಸ್ ಹೈಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ. ವೀರಸ್ವಾಮಿ ಅವರ ಮೇಲಿನ ಪ್ರಕರಣದಲ್ಲಿ 1991ರಲ್ಲಿ ಬಂದ ತೀರ್ಪು, ಉನ್ನತ ನ್ಯಾಯಾಲಯಗಳ ನ್ಯಾಯಮೂರ್ತಿಗಳೂ ಇದರೊಳಗೆ ಬರುತ್ತಾರೆಂದು ಸ್ಪಷ್ಟಪಡಿಸಿತು.

ಲೆಕ್ಕ ಹಾಕುವ ಕ್ರಮ

ತನಿಖಾ ಸಂಸ್ಥೆ ಮೊದಲು ಒಂದು ತಪಾಸಣಾ ಅವಧಿಯನ್ನು ಗೊತ್ತುಪಡಿಸಿಕೊಳ್ಳುತ್ತದೆ. ಕಡತಗಳಲ್ಲೂ ಮಾತಿನಲ್ಲೂ ಇದಕ್ಕೆ ‘ಚೆಕ್ ಪೀರಿಯಡ್’ ಎಂದೇ ಹೆಸರು. ಆ ಅವಧಿಯ ಆರಂಭದಲ್ಲಿದ್ದ ಆಸ್ತಿ, ಕೊನೆಯಲ್ಲಿದ್ದ ಆಸ್ತಿ, ನಡುವೆ ಬಂದ ಆದಾಯ, ನಡುವೆ ಆದ ಖರ್ಚು, ಹೀಗೆ ನಾಲ್ಕು ಪಟ್ಟಿಗಳು ತಯಾರಾಗುತ್ತವೆ. ಹೆಚ್ಚಿದ ಆಸ್ತಿಗೆ ಖರ್ಚನ್ನು ಕೂಡಿಸಿ, ಅದರಿಂದ ಆದಾಯವನ್ನು ಕಳೆದರೆ ಉಳಿಯುವುದೇ ಲೆಕ್ಕವಿಲ್ಲದ ಮೊತ್ತ. ಅದನ್ನು ಆದಾಯದಿಂದ ಭಾಗಿಸಿದರೆ ಶೇಕಡಾವಾರು ಬರುತ್ತದೆ. ಸ್ವತ್ತಿಗೆ ಸಾಮಾನ್ಯವಾಗಿ ಹಿಡಿಯುವುದು ಕೊಂಡಾಗಿನ ಬೆಲೆ, ದಾಳಿಯ ದಿನದ ಮಾರುಕಟ್ಟೆ ಬೆಲೆಯಲ್ಲ. ರಸೀದಿ ಇಟ್ಟುಕೊಳ್ಳದ ದಿನಸಿ, ಹಾಲು, ಬಟ್ಟೆಬರೆಯ ಖರ್ಚಿಗೆ ವೇತನದ ಮೂರನೇ ಒಂದು ಭಾಗವನ್ನು ಹಿಡಿಯುವುದು ತನಿಖಾ ಸಂಸ್ಥೆಗಳ ರೂಢಿ. ಅದು ಶಾಸನದಲ್ಲಿ ಬರೆದ ನಿಯಮವಲ್ಲ. ಸ್ವಂತ ಮನೆ, ಸ್ವಂತ ಗದ್ದೆ ಇರುವ ಕುಟುಂಬಕ್ಕೆ ಅದು ಹೆಚ್ಚಾಯಿತೆಂಬ ವಾದ ಪದೇಪದೇ ಏಳುತ್ತದೆ.

ಈ ಸೂತ್ರದಲ್ಲಿ ಆದಾಯ ಎರಡು ಕಡೆ ಕೆಲಸ ಮಾಡುತ್ತದೆ, ಅಂಶದಲ್ಲಿ ಕಳೆಯುವ ಮೊತ್ತವಾಗಿ, ಛೇದದಲ್ಲಿ ಭಾಗಿಸುವ ಮೊತ್ತವಾಗಿ. ಹತ್ತು ವರ್ಷಗಳ ತಪಾಸಣಾ ಅವಧಿಯಲ್ಲಿ ಒಬ್ಬ ಎಂಜಿನಿಯರರ ಆಸ್ತಿ 20 ಲಕ್ಷದಿಂದ 90 ಲಕ್ಷಕ್ಕೆ ಏರಿತು, ಖರ್ಚು 30 ಲಕ್ಷ ಆಯಿತು, ಆದಾಯ 80 ಲಕ್ಷ ಇತ್ತು ಎಂದಿಟ್ಟುಕೊಳ್ಳೋಣ. ಲೆಕ್ಕವಿಲ್ಲದ ಮೊತ್ತ 20 ಲಕ್ಷ, ಅಂದರೆ ಶೇ. 25. ಊರಿನ ಅಡಿಕೆ ತೋಟದಿಂದ ಅದೇ ಅವಧಿಯಲ್ಲಿ 15 ಲಕ್ಷ ಬಂದಿದೆ ಎಂಬ ಅವರ ಹೇಳಿಕೆಯನ್ನು ನ್ಯಾಯಾಲಯ ಒಪ್ಪಿತೆನ್ನಿ. ಆದಾಯ 95 ಲಕ್ಷ ಆಗುತ್ತದೆ, ಲೆಕ್ಕವಿಲ್ಲದ ಮೊತ್ತ 5 ಲಕ್ಷಕ್ಕೆ ಇಳಿಯುತ್ತದೆ, ಶೇಕಡಾವಾರು 5.26ಕ್ಕೆ ಕುಸಿಯುತ್ತದೆ. ಆಸ್ತಿಯ ಪಟ್ಟಿಯಲ್ಲಿ ಒಂದು ರೂಪಾಯಿಯೂ ಬದಲಾಗಿಲ್ಲ. ವಿಚಾರಣಾ ನ್ಯಾಯಾಲಯಗಳಲ್ಲಿ ಪಹಣಿ, ಎಪಿಎಂಸಿ ರಸೀದಿ, ಮಂಡಿಯ ಲೆಕ್ಕಪಟ್ಟಿಗಳ ಮೇಲೆ ದಿನಗಟ್ಟಲೆ ಪಾಟೀಸವಾಲು ನಡೆಯುವುದು ಈ ಕಾರಣಕ್ಕೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಅದರ ಬಹುಪಾಲು ನಗದಿನಲ್ಲೇ ಓಡಾಡುತ್ತದೆ. ಹಾಗಾಗಿ ತೋರಿಸಲೂ ಸುಲಭ, ಅಲ್ಲಗಳೆಯಲೂ ಸುಲಭ.

ಮಿತಿಯ ಪ್ರಶ್ನೆ

ಎಷ್ಟು ಹೆಚ್ಚಾದರೆ ಅನುಪಾತ ತಪ್ಪಿತು ಎಂದು ಶಾಸನ ಎಲ್ಲೂ ಹೇಳಿಲ್ಲ. ಸಜ್ಜನ್ ಸಿಂಗ್ ಪ್ರಕರಣದಲ್ಲಿ (1964) ಸುಪ್ರೀಂ ಕೋರ್ಟ್ ಈ ಮೌನವನ್ನು ಗಮನಿಸಿ, ಆದಾಯಕ್ಕಿಂತ ಆಸ್ತಿ ತುಸು ಹೆಚ್ಚಿದ್ದರೆ ನ್ಯಾಯಾಲಯ ಉದಾರವಾಗಿ ನೋಡಬಹುದೆಂದಿತು. ಸಂಖ್ಯೆಯೊಂದು ಮೊದಲು ಕಾಣಿಸಿದ್ದು ಕೃಷ್ಣಾನಂದ ಅಗ್ನಿಹೋತ್ರಿ ಪ್ರಕರಣದಲ್ಲಿ (1977). ಅಲ್ಲಿ ಆರೋಪಿಯ ಒಟ್ಟು ಆದಾಯ 1,27,715.43 ರೂಪಾಯಿ, ಖರ್ಚು ಕಳೆದು ಉಳಿದದ್ದು 44,383.59, ಸಿಕ್ಕ ಆಸ್ತಿ 55,732.25. ಹೆಚ್ಚಳ ಒಟ್ಟು ಆದಾಯದ ಶೇ. 10ಕ್ಕಿಂತ ಕಡಿಮೆ ಇದೆ, ಇದನ್ನು ಅನುಪಾತ ಮೀರಿದ್ದು ಎನ್ನುವುದು ಸರಿಯಲ್ಲ ಎಂದು ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ಇಲ್ಲಿಂದ ‘ಶೇ. 10ರ ನಿಯಮ’ ವಕೀಲರ ಬಾಯಲ್ಲಿ ನೆಲೆಯಾಯಿತು. ಆದರೆ ಆ ತೀರ್ಪಿನ ಅಂಕಿಗಳನ್ನೇ ಮತ್ತೊಮ್ಮೆ ಹಾಕಿ ನೋಡಿದರೆ, ಹೆಚ್ಚಳವಾದ ಸುಮಾರು 11,349 ರೂಪಾಯಿ ಒಟ್ಟು ಆದಾಯದ ಶೇ. 8.9, ಖರ್ಚು ಕಳೆದು ಉಳಿದ ಹಣಕ್ಕೆ ಹೋಲಿಸಿದರೆ ಅದೇ ಮೊತ್ತ ಶೇ. 25ನ್ನು ದಾಟುತ್ತದೆ. ಆಸ್ತಿ ಕೊಳ್ಳಲು ಕೈಯಲ್ಲಿದ್ದದ್ದು ಉಳಿತಾಯವೇ ಹೊರತು ಒಟ್ಟು ಆದಾಯವಲ್ಲ ಎಂದು ಯಾರಾದರೂ ವಾದಿಸಿದರೆ ಅದನ್ನು ತಳ್ಳಿಹಾಕುವುದು ಸುಲಭವಲ್ಲ. ಶೇ. 10 ಎಂಬುದಕ್ಕೆ ಸ್ವಂತ ಅರ್ಥವಿಲ್ಲ. ಯಾವುದರ ಶೇ. 10 ಎಂದು ತೀರ್ಮಾನಿಸಿದ ಬಳಿಕವೇ ಅದು ಅಳತೆಯಾಗುತ್ತದೆ.

ಬೆಂಗಳೂರಿನಲ್ಲಿ ನಡೆದ ಮೊಕದ್ದಮೆ

ಈ ಮಾತಿಗೆ ಅತಿ ದೊಡ್ಡ ಪುರಾವೆ ಒದಗಿಸಿದ್ದು ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜೆ. ಜಯಲಲಿತಾ ಮತ್ತು ಇತರ ಮೂವರ ಮೇಲಿನ ಪ್ರಕರಣ. ನ್ಯಾಯಯುತ ವಿಚಾರಣೆಗಾಗಿ 2003ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಚೆನ್ನೈಯಿಂದ ಬೆಂಗಳೂರಿಗೆ ವರ್ಗಾಯಿಸಿತು; ಅಂದಿನಿಂದ ಮೊಕದ್ದಮೆ ನಡೆಸುವ ಹೊಣೆ ಕರ್ನಾಟಕ ಸರ್ಕಾರದ್ದಾಯಿತು. ತಪಾಸಣಾ ಅವಧಿ 1991ರ ಜುಲೈ 1ರಿಂದ 1996ರ ಏಪ್ರಿಲ್ 30. ಪರಪ್ಪನ ಅಗ್ರಹಾರದ ಕಾರಾಗೃಹದ ಆವರಣದಲ್ಲಿ 2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಡಿ’ಕುನ್ಹ ಕೊಟ್ಟ ತೀರ್ಪಿನಲ್ಲಿ ಆಸ್ತಿ 55,02,48,215 ರೂಪಾಯಿ, ಖರ್ಚು 8,49,06,833, ಆದಾಯ 9,91,05,094. ಲೆಕ್ಕವಿಲ್ಲದ್ದು 53,60,49,954. ನಾಲ್ವರಿಗೂ ನಾಲ್ಕು ವರ್ಷ ಸೆರೆವಾಸ, ಜಯಲಲಿತಾ ಅವರಿಗೆ 100 ಕೋಟಿ ರೂಪಾಯಿ ದಂಡ ವಿಧಿಸಲಾಯಿತು. 2015ರ ಮೇ 11ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಸಿ.ಆರ್. ಕುಮಾರಸ್ವಾಮಿ ಅದೇ ದಾಖಲೆಗಳಿಂದ ಬೇರೆಯೇ ಮೊತ್ತಗಳಿಗೆ ಬಂದರು. ಆಸ್ತಿ 37,59,02,466, ಆದಾಯ 34,76,65,654, ವ್ಯತ್ಯಾಸ 2,82,36,812, ಅಂದರೆ ಶೇ. 8.12. ಅಗ್ನಿಹೋತ್ರಿ ತೀರ್ಪಿನ ಶೇ. 10ನ್ನೂ, ಶೇ. 20ರವರೆಗೆ ವಿನಾಯಿತಿ ಕೊಡುವ ಆಂಧ್ರಪ್ರದೇಶ ಸರ್ಕಾರದ ಒಂದು ಸುತ್ತೋಲೆಯನ್ನೂ ಆಧರಿಸಿ ಎಲ್ಲರನ್ನೂ ಖುಲಾಸೆ ಮಾಡಿದರು.

ಎರಡೂ ತೀರ್ಪುಗಳು ಬೇರೆಯಾದದ್ದು ಎಲ್ಲಿ? ಆಸ್ತಿಯ ಕಡೆ ಕಟ್ಟಡಗಳ ಬೆಲೆಯಲ್ಲಿ ಭಾರಿ ಅಂತರವಿತ್ತು. ಪ್ರಾಸಿಕ್ಯೂಷನ್ 27.79 ಕೋಟಿ ಎಂದದ್ದನ್ನು ಹೈಕೋರ್ಟ್ 5.10 ಕೋಟಿಗೆ ಇಳಿಸಿತು. ಪ್ರಾಸಿಕ್ಯೂಷನ್ 6.45 ಕೋಟಿ ಎಂದು ತೋರಿಸಿದ್ದ, ಜಯಲಲಿತಾ ಅವರ ದತ್ತುಪುತ್ರನ ಮದುವೆಯ ಖರ್ಚು ವಿಚಾರಣಾ ನ್ಯಾಯಾಲಯದಲ್ಲಿ 3 ಕೋಟಿ ಆಗಿ, ಹೈಕೋರ್ಟಿನಲ್ಲಿ 28.68 ಲಕ್ಷಕ್ಕೆ ನಿಂತಿತು. ಆದರೂ ಶೇಕಡಾವಾರನ್ನು ತಲೆಕೆಳಗು ಮಾಡಿದ್ದು ಆದಾಯದ ಪಟ್ಟಿ. 9.91 ಕೋಟಿ ಇದ್ದದ್ದು 34.76 ಕೋಟಿ ಆಯಿತು. ಸಾಲಗಳು, ಉಡುಗೊರೆಗಳು, ಹೈದರಾಬಾದ್ ಬಳಿಯ ದ್ರಾಕ್ಷಿ ತೋಟದ ಹುಟ್ಟುವಳಿ ಎಲ್ಲವೂ ಅದರೊಳಗೆ ಸೇರಿದವು. ಸಾಲದ ಕೋಷ್ಟಕದಲ್ಲಿ ಹತ್ತು ಬಾಬುಗಳಿದ್ದವು. ಅವುಗಳ ಮೊತ್ತ 10,67,31,274 ಆಗಬೇಕಿದ್ದಲ್ಲಿ 24,17,31,274 ಎಂದು ನಮೂದಾಗಿತ್ತು, ಅಂದರೆ 13.5 ಕೋಟಿ ಹೆಚ್ಚು. ಹೈಕೋರ್ಟಿನ ಉಳಿದ ಎಲ್ಲ ಅಂಕಿಗಳನ್ನೂ ಹಾಗೆಯೇ ಒಪ್ಪಿಕೊಂಡು ಈ ಒಂದು ಕೂಡಿಕೆಯನ್ನು ಸರಿಪಡಿಸಿದರೆ ಆದಾಯ 21.26 ಕೋಟಿಗೆ ಇಳಿಯುತ್ತದೆ, ವ್ಯತ್ಯಾಸ 16.32 ಕೋಟಿಗೆ ಏರುತ್ತದೆ, ಶೇ. 8.12 ಹೋಗಿ ಸುಮಾರು ಶೇ. 76.76 ಆಗುತ್ತದೆ. 2017ರ ಫೆಬ್ರವರಿ 14ರಂದು ನ್ಯಾಯಮೂರ್ತಿಗಳಾದ ಪಿನಾಕಿ ಚಂದ್ರ ಘೋಷ್ ಮತ್ತು ಅಮಿತಾವ ರಾಯ್ ಅವರ ಪೀಠ ಖುಲಾಸೆಯನ್ನು ರದ್ದುಮಾಡಿ ವಿಚಾರಣಾ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿಯಿತು. ಅಗ್ನಿಹೋತ್ರಿ ತೀರ್ಪಿನ ಅಳತೆಯನ್ನು ಇಲ್ಲಿಗೆ ಅನ್ವಯಿಸಲು ಅದು ಒಪ್ಪಲಿಲ್ಲ. ಆದಾಯ ತೆರಿಗೆ ಇಲಾಖೆ ಒಂದು ಮೊತ್ತವನ್ನು ಆದಾಯವೆಂದು ಸ್ವೀಕರಿಸಿ ತೆರಿಗೆ ಕಟ್ಟಿಸಿಕೊಂಡ ಮಾತ್ರಕ್ಕೆ ಆ ಹಣದ ಮೂಲ ಕಾನೂನುಬದ್ಧ ಎಂದಾಗುವುದಿಲ್ಲ ಎಂದೂ ಹೇಳಿತು. ಈ ಎರಡನೆಯ ಮಾತೇ ಮುಂದಿನ ಪ್ರಕರಣಗಳಿಗೆ ಹೆಚ್ಚು ಬೆಲೆಯದು, ಏಕೆಂದರೆ ಅದು ಛೇದದೊಳಗೆ ಏನು ಬರಬಹುದು ಎಂಬುದಕ್ಕೆ ಬೇಲಿ ಹಾಕುತ್ತದೆ. ಅಷ್ಟರಲ್ಲಿ, 2016ರ ಡಿಸೆಂಬರ್ 5ರಂದು, ಜಯಲಲಿತಾ ತೀರಿಕೊಂಡಿದ್ದರಿಂದ ಅವರ ಮಟ್ಟಿಗೆ ಮೇಲ್ಮನವಿ ಕೊನೆಗೊಂಡಿತು.

ಆಕ್ಷೇಪಗಳು

ಮೊದಲ ಆಕ್ಷೇಪ, ಅಳತೆಯಿಲ್ಲದ ವಿಶೇಷಣದ ಮೇಲೆ ಯಾರನ್ನೂ ಜೈಲಿಗೆ ಕಳಿಸಬಾರದು, ಶಾಸನವೇ ಒಂದು ಶೇಕಡಾವಾರು ನಿಗದಿ ಮಾಡಬೇಕು ಎಂಬುದು. ಕೇಳಲು ನ್ಯಾಯವೆನಿಸುವ ಮಾತು. ಆದರೆ ಶೇ. 10ರ ರಿಯಾಯಿತಿ ಎಂದರೆ ಕೋಟಿ ರೂಪಾಯಿ ದುಡಿದವರಿಗೆ 10 ಲಕ್ಷ, ನೂರು ಕೋಟಿ ತೋರಿಸಿದವರಿಗೆ 10 ಕೋಟಿ. ಹೆಚ್ಚು ಆದಾಯ ತೋರಿಸಿದಷ್ಟೂ ಲೆಕ್ಕ ಕೊಡದೆ ಇಟ್ಟುಕೊಳ್ಳುವ ಅವಕಾಶ ದೊಡ್ಡದಾಗುತ್ತದೆ. ಅಗ್ನಿಹೋತ್ರಿ ಪ್ರಕರಣದಲ್ಲಿ ಬಿಟ್ಟುಕೊಟ್ಟದ್ದು ಹನ್ನೊಂದು ಸಾವಿರ ಚಿಲ್ಲರೆ ರೂಪಾಯಿಯನ್ನು. ದಶಕದ ಹಳೆಯ ಮನೆಖರ್ಚನ್ನು ಅಂದಾಜು ಮಾಡುವಾಗ ಅಷ್ಟು ಏರುಪೇರು ಸಹಜ ಎಂಬುದೇ ಆ ರಿಯಾಯಿತಿಯ ಹಿಂದಿನ ನ್ಯಾಯ. ಬ್ಯಾಂಕ್ ದಾಖಲೆ, ನೋಂದಣಿ ಪತ್ರಗಳಿಂದ ಖಚಿತವಾಗಿ ಸಿಗುವ ಮೊತ್ತಗಳಿಗೆ ಅದೇ ನ್ಯಾಯ ಹೊಂದುವುದಿಲ್ಲ. ಖಚಿತತೆ ಬೇಕಾದರೆ ಅದನ್ನು ಆದಾಯದ ವ್ಯಾಖ್ಯೆಯಲ್ಲಿ ತರಬೇಕು. ಫಲಿತಾಂಶದ ಸಂಖ್ಯೆಯನ್ನು ಕಟ್ಟಿಹಾಕಿ ಪ್ರಯೋಜನವಿಲ್ಲ.

ಎರಡನೆಯದು ಹೆಚ್ಚು ಗಂಭೀರ. ಸಾಬೀತಾಗುವವರೆಗೆ ನಿರಪರಾಧಿ ಎಂಬ ತತ್ವವನ್ನು ಈ ಅಪರಾಧ ತಿರುವುಮುರುವು ಮಾಡುತ್ತದೆ ಎಂಬ ವಾದವದು. ಭಾರತೀಯ ನ್ಯಾಯಾಲಯಗಳ ಉತ್ತರದಲ್ಲಿ ಎರಡು ಭಾಗಗಳಿವೆ. ನಾಲ್ಕೂ ಅಂಗಗಳನ್ನು ಸಂಶಯಾತೀತವಾಗಿ ಸ್ಥಾಪಿಸುವ ಹೊರೆ ಪ್ರಾಸಿಕ್ಯೂಷನ್ನಿನದೇ. ಅದಾದ ಮೇಲೆ ಆರೋಪಿ ಕೊಡಬೇಕಾದ ಲೆಕ್ಕಕ್ಕೆ ಅಷ್ಟು ಕಠಿಣ ಮಟ್ಟವಿಲ್ಲ. ಅದು ನಂಬಬಹುದಾದದ್ದು ಎಂಬ ಸಂಭವನೀಯತೆ ಸಾಕು. ಈ ಉತ್ತರ ಸರಿಯಾಗಿ ನಿಲ್ಲುವುದು ತನಿಖೆ ಪ್ರಾಮಾಣಿಕವಾಗಿದ್ದಾಗ. ಹೆಂಡತಿಯ ದುಡಿಮೆ, ಪಿತ್ರಾರ್ಜಿತ ಜಮೀನು, ಮದುವೆಯಲ್ಲಿ ಬಂದ ಚಿನ್ನ ಇವನ್ನೆಲ್ಲ ಆದಾಯದ ಅಥವಾ ಆರಂಭದ ಆಸ್ತಿಯ ಪಟ್ಟಿಯಿಂದ ತನಿಖಾಧಿಕಾರಿ ಬಿಟ್ಟುಬಿಟ್ಟರೆ, ಗೊತ್ತಿರುವ ಆದಾಯ ಎಂಬುದು ತನಿಖಾಧಿಕಾರಿ ಗೊತ್ತುಮಾಡಿಕೊಂಡಷ್ಟೇ ಆದಾಯ ಎಂದಾಗುತ್ತದೆ. ದಾಳಿಯ ಸಂಜೆ ಟಿ.ವಿ.ಯಲ್ಲಿ ಕೇಳಿಬರುವ ಶೇ. 200, ಶೇ. 400ರಂಥ ಅಂಕಿಗಳು ಎಫ್‌ಐಆರ್‌ಗೆ ಮುನ್ನ ತಯಾರಾಗುವ ಮೂಲ ಮಾಹಿತಿ ವರದಿಯ (ಸೋರ್ಸ್ ರಿಪೋರ್ಟ್) ಅಂದಾಜುಗಳು. ಆರೋಪಿಯ ಲೆಕ್ಕ ಅವುಗಳೊಳಗೆ ಇನ್ನೂ ಸೇರಿರುವುದಿಲ್ಲ.

ಇತರ ದೇಶಗಳಲ್ಲಿ

ಹಾಂಕಾಂಗ್ 1971ರ ಲಂಚ ನಿಯಂತ್ರಣ ಶಾಸನದಲ್ಲಿ ಇದೇ ವಿಶೇಷಣವನ್ನು ಬಳಸಿದೆ. ಸಂಬಳಕ್ಕೆ ಮೀರಿದ ಜೀವನಮಟ್ಟವನ್ನೂ ಅಪರಾಧದೊಳಗೆ ತಂದಿದೆ. 2003ರ ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಡಂಬಡಿಕೆಯ 20ನೇ ವಿಧಿ ‘ಅಕ್ರಮ ಶ್ರೀಮಂತಿಕೆ’ ಎಂಬ ಹೆಸರಿನಲ್ಲಿ ಇದನ್ನು ಅಪರಾಧವಾಗಿಸುವ ವಿಚಾರ ಮಾಡುವಂತೆ ಸದಸ್ಯ ರಾಷ್ಟ್ರಗಳನ್ನು ಕೇಳುತ್ತದೆ, ಅವುಗಳ ಸಂವಿಧಾನಕ್ಕೆ ಒಳಪಟ್ಟು. ಭಾರತ 2011ರಲ್ಲಿ ಈ ಒಡಂಬಡಿಕೆಯನ್ನು ಅನುಮೋದಿಸಿತು. ಪೋರ್ಚುಗಲ್‌ನ ಸಂವಿಧಾನ ನ್ಯಾಯಾಲಯ 2012 ಮತ್ತು 2015ರಲ್ಲಿ ಇಂಥ ಶಾಸನಗಳನ್ನು ತಡೆಯಿತು. ಬ್ರಿಟನ್ 2017ರಲ್ಲಿ ಬೇರೆ ದಾರಿ ಹಿಡಿದು, ಲೆಕ್ಕವಿಲ್ಲದ ಸಂಪತ್ತಿನ ಮೂಲ ವಿವರಿಸುವಂತೆ ಸಿವಿಲ್ ಆದೇಶ ಹೊರಡಿಸುವ ಅಧಿಕಾರವನ್ನು ಹೈಕೋರ್ಟಿಗೆ ಕೊಟ್ಟಿತು.

ಈಗಿನ ಸ್ಥಿತಿ

2014ರ ಜನವರಿಯಿಂದ ಶಿಕ್ಷೆಯ ಪ್ರಮಾಣ ಒಂದರಿಂದ ಏಳು ವರ್ಷ ಇದ್ದದ್ದು ನಾಲ್ಕರಿಂದ ಹತ್ತು ವರ್ಷಕ್ಕೆ ಏರಿದೆ. 2018ರ ಜುಲೈ 26ರಂದು ಜಾರಿಗೆ ಬಂದ ತಿದ್ದುಪಡಿ ಅಪರಾಧದ ರಚನೆಯನ್ನೇ ಬದಲಿಸಿತು. ಈಗ ಅಪರಾಧ ಎಂದರೆ ಉದ್ದೇಶಪೂರ್ವಕವಾಗಿ ಅಕ್ರಮವಾಗಿ ಶ್ರೀಮಂತರಾಗುವುದು. ಆದಾಯಕ್ಕೆ ಹೊಂದದ ಆಸ್ತಿ ಆ ಉದ್ದೇಶವನ್ನು ಊಹಿಸಲು ಆಧಾರ. ಒಂದರ್ಥದಲ್ಲಿ ವಿಶೇಷಣ 1947ರಲ್ಲಿ ತಾನಿದ್ದ ಜಾಗಕ್ಕೆ, ಸಾಕ್ಷ್ಯದ ನಿಯಮಕ್ಕೆ, ಮರಳಿದೆ. ಇದರ ಜೊತೆಗೆ ಹೆಚ್ಚು ಗಮನ ಸೆಳೆಯದ ಇನ್ನೊಂದು ಬದಲಾವಣೆಯೂ ಆಯಿತು. ಗೊತ್ತಿರುವ ಆದಾಯ ಮೂಲ ಎಂಬುದರ ಹೊಸ ವಿವರಣೆ ಕಾನೂನುಬದ್ಧ ಮೂಲದಿಂದ ಬಂದ ಆದಾಯ ಎಂದಷ್ಟೇ ಹೇಳುತ್ತದೆ. ನಿಯಮದಂತೆ ತಿಳಿಸಿರಬೇಕೆಂಬ 1988ರ ಷರತ್ತು ಅದರಲ್ಲಿಲ್ಲ. ಉದ್ದೇಶ ಎಂಬ ಪದದ ಮೇಲೆ ನಡೆದ ಚರ್ಚೆಗೆ ಹೋಲಿಸಿದರೆ ಈ ಬಿಟ್ಟುಹೋದ ಷರತ್ತಿನ ಮೇಲೆ ನಡೆದದ್ದು ಅತ್ಯಲ್ಪ. ಪರಿಣಾಮದ ದೃಷ್ಟಿಯಿಂದ ಅದು ಸಣ್ಣದಲ್ಲ, ಏಕೆಂದರೆ ವಾರ್ಷಿಕ ವಿವರಪಟ್ಟಿಯಲ್ಲಿ ಎಂದೂ ಕಾಣದ ತೋಟದ ಆದಾಯ, ಸಾಲ, ಉಡುಗೊರೆಗಳು ವಿಚಾರಣೆಯ ಹೊತ್ತಿಗೆ ಛೇದದೊಳಗೆ ಬರಲು ಬಾಗಿಲು ಮತ್ತೆ ತೆರೆದಿದೆ. ಹೀಗೆ ಬಚ್ಚಿಟ್ಟದ್ದು ಸೇವಾ ನಿಯಮಗಳ ಉಲ್ಲಂಘನೆಯೆಂದು ಇಲಾಖಾ ವಿಚಾರಣೆ ನಡೆಯಬಹುದು. ಕ್ರಿಮಿನಲ್ ನ್ಯಾಯಾಲಯದಲ್ಲಿ ಅದರ ತೂಕ ಎಷ್ಟೆಂಬುದು ಪ್ರಕರಣದಿಂದ ಪ್ರಕರಣಕ್ಕೆ ನಿರ್ಧಾರವಾಗಬೇಕಾಗಿದೆ.

ಕರ್ನಾಟಕದಲ್ಲಿ ಈ ಪ್ರಕರಣಗಳ ತನಿಖೆ 2016ರವರೆಗೆ ಲೋಕಾಯುಕ್ತ ಪೊಲೀಸರ ಬಳಿ ಇತ್ತು. ಆ ವರ್ಷ ರಚನೆಯಾದ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) 2022ರ ಆಗಸ್ಟ್ 11ರಂದು ಹೈಕೋರ್ಟ್ ರದ್ದುಪಡಿಸಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಎಫ್‌ಐಆರ್ ದಾಖಲಿಸುವ ಮುನ್ನ ಪ್ರಾಥಮಿಕ ವಿಚಾರಣೆ ಕಡ್ಡಾಯವೇ ಎಂಬ ವಿವಾದದಲ್ಲಿ, ಕರ್ನಾಟಕದ್ದೇ ಪ್ರಕರಣವೊಂದರಲ್ಲಿ 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಕಡ್ಡಾಯವಲ್ಲ, ವಿವರವಾದ ಮೂಲ ಮಾಹಿತಿ ವರದಿ ಇದ್ದು ಅದರ ಮೇಲೆ ಎಸ್‌ಪಿ ದರ್ಜೆಯ ಅಧಿಕಾರಿ ಪರಿಶೀಲಿಸಿ ಆದೇಶ ಮಾಡಿದ್ದರೆ ಸಾಕು ಎಂದಿದೆ. 2018ರ ಜುಲೈಗೆ ಮುಂಚಿನ ತಪಾಸಣಾ ಅವಧಿಯ ಪ್ರಕರಣಗಳು ಹಳೆಯ 13(1)(ಇ) ಖಂಡದಡಿಯೇ ಮುಂದುವರಿದಿವೆ. ಹಾಗಾಗಿ ಒಂದೇ ನ್ಯಾಯಾಲಯದಲ್ಲಿ, ಕೆಲವೊಮ್ಮೆ ಒಂದೇ ದಿನದ ಪಟ್ಟಿಯಲ್ಲಿ, ಗೊತ್ತಿರುವ ಆದಾಯದ ಎರಡು ವ್ಯಾಖ್ಯೆಗಳು ಅಕ್ಕಪಕ್ಕದಲ್ಲಿ ನಡೆಯುತ್ತಿವೆ. ಅವಧಿ ಆ ದಿನಾಂಕದ ಎರಡೂ ಬದಿಗೆ ಚಾಚಿಕೊಂಡಿದ್ದರೆ ಯಾವ ವ್ಯಾಖ್ಯೆ ಅನ್ವಯಿಸಬೇಕೆಂಬುದೇ ಮೊದಲ ತಕರಾರಾಗುತ್ತದೆ.